ಬಸಳೆ ಬುಡದ ಅರ್ತಿಂಗು

ಆಗ ನನಗೆ ಅರವತ್ತನಾಲ್ಕು. ಈಗ್ಗೆ ಏಳು ವರ್ಷದ ಹಿಂದಿನ ಮಾತು. ಅಷ್ಟು ವರ್ಷ ಬದುಕಿ ನಾನು ಕಂಡ ಹುಚ್ಚರನ್ನೆಲ್ಲ ಸಾಲಾಗಿ ಕೂರಿಸಿದರೆ ಮೊದಲನೆಯ ಮಣೆ ನನ್ನ ತಮ್ಮನಿಗೇ ಸಲ್ಲಬೇಕು. ಕರೆಂಟಿಗೆ ಹೆದರುವ ವಯರ್‌ಮನ್ನನ್ನು ನೀವು ಕಂಡಿದ್ದೀರಾ? ನೀರಿಗೆ ಹೆದರುವ ಮೀನುಗಾರ ಇದ್ದಾನೆಯೇ? ಎತ್ತರಕ್ಕೆ ಹೆದರಿ ತೆಂಗಿನಕಾಯಿ ಕೀಳುವವನು ಇದ್ದಾನೆಯೇ? ಇಲ್ಲವಲ್ಲ! ಆದರೆ ಕರೆಂಟಿಗೆ ಹೆದರುವ ವಯರ್‌ಮನ್ ಇದ್ದಾನೆ. ನನ್ನ ಬೆನ್ನಿಗೇ ಹುಟ್ಟಿದ್ದಾನೆ. ನನ್ನ ಪ್ರಾಣ ತಿನ್ನಲಿಕ್ಕೆಂದೇ ಹುಟ್ಟಿದ್ದಾನೆ.

ಹೆಸರು ಹೇಳುವುದಿಲ್ಲ. ಹೇಳಿದರೂ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ಮೂಡುಬಿದಿರೆಯಿಂದ ಬಂಟ್ವಾಳದವರೆಗೆ ಎಲ್ಲರಿಗೂ ಅವನು ಬರೀ 'ಅರ್ತಿಂಗ್ ಅಣ್ಣ'. ಯಾರ ಮನೆಗೆ ಹೋದರೂ, ಕರೆದದ್ದು ಫ್ಯಾನು ತಿರುಗುವುದಿಲ್ಲ ಎಂದಾದರೂ, ಇವನು ಮೊದಲು ಕೇಳುವುದು "ಅರ್ತಿಂಗ್ ಉಂಟಾ?" ಎಂದು. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಗೆ ಬಾರದೆ ನೆಲಕ್ಕೆ ಇಳಿದುಹೋಗಲು ಹಾಕುವ ವಯರು ಅದು. ಸತ್ತವರ ಮನೆಗೆ ಹೋದಾಗಲೂ ಕೇಳಿದ್ದಾನೆ. ನಾನೇ ಪಕ್ಕದಲ್ಲಿದ್ದೆ. ಮುಖ ಎಲ್ಲಿಡಬೇಕೆಂದು ಗೊತ್ತಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಉಳಿದವರು ಪಾಪ, ನಾನು ಅಳುತ್ತಿದ್ದೇನೆ ಎಂದುಕೊಂಡರು.

ಕೆಲಸ ಕಲಿಯುವ ಕಾಲದಲ್ಲಿ ಅವನಿಗೆ ಒಮ್ಮೆ ಶಾಕ್ ಹೊಡೆದಿತ್ತು. ಬಲಗೈ ಹೆಬ್ಬೆರಳಿನ ಉಗುರು ಸುಟ್ಟು ಬಿತ್ತು, ಮತ್ತೆ ಬರಲೇ ಇಲ್ಲ. ಆ ಬೋಳು ಹೆಬ್ಬೆರಳು ಅವನಿಗೆ ದೊಡ್ಡ ಪದಕ! "ನಿಮಗೆ ಲೈಸನ್ಸ್ ಉಂಟಾ?" ಎಂದು ಯಾರಾದರೂ ಕೇಳಿದರೆ ಕಿಸೆಗೆ ಕೈ ಹಾಕುವುದಿಲ್ಲ. ಹೆಬ್ಬೆರಳು ಎತ್ತಿ ಅವರ ಮೂಗಿನ ಹತ್ತಿರ ಹಿಡಿಯುತ್ತಾನೆ. "ಇದು ಉಂಟು."

ಮೂಡುಬಿದಿರೆಯಲ್ಲಿ ನಮ್ಮ ಸಂಬಂಧದಲ್ಲಿ ಒಂದು ಮದುವೆ. ಮನೆಯಂಗಳದಲ್ಲೇ ಚಪ್ಪರ. ಅಡುಗೆಯವನು ಮಸಾಲೆ ಅರೆಯಲು ದೊಡ್ಡ ಗ್ರೈಂಡರು ತಂದಿದ್ದ. ಅದರ ಪಿನ್ನು ದಪ್ಪ, ಚಪ್ಪರದ ಪ್ಲಗ್ಗಿನ ತೂತು ಸಣ್ಣ. ಅಡುಗೆಯವನು ಮಹಾ ಬುದ್ಧಿವಂತ! ಪಿನ್ನನ್ನೇ ಕತ್ತರಿಸಿ ಬಿಸಾಡಿ, ಎರಡು ವಯರನ್ನು ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದ. ಮೂರನೆಯದನ್ನು, ಅರ್ತಿಂಗಿನ ವಯರನ್ನು, ಗಂಟು ಹಾಕಿ ಬಿಟ್ಟ. ನನ್ನ ತಮ್ಮ ಅದನ್ನು ನೋಡಿದ. ಸೀದಾ ಮೀಟರ್ ಬೋರ್ಡಿನ ಹತ್ತಿರ ಹೋಗಿ ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡು, ಬಂದು ಇಡ್ಲಿ ತಿನ್ನಲು ಕುಳಿತ. ಫ್ಯಾನು ನಿಂತಿತು. ಭಟ್ಟರ ಮೈಕು ಸತ್ತಿತು. ಮದುಮಗಳ ತಂದೆ ಓಡಿ ಬಂದರು.

"ಫ್ಯೂಸ್ ಎಲ್ಲಿ ಮಾರಾಯ?"

"ನನ್ನ ಕಿಸೆಯಲ್ಲಿ ಉಂಟು."

"ಕೊಡು ಮಾರಾಯ, ಮುಹೂರ್ತ ಬಂತು!"

"ಧಾರೆ ಎರೆಯಲಿಕ್ಕೆ ನೀರು ಸಾಕು, ಕರೆಂಟು ಬೇಡ. ಮೊದಲು ಆ ಬೆಂಕಿಕಡ್ಡಿ ತೆಗೆಸಿ, ಕೊಡ್ತೇನೆ."

ಬೆಂಕಿಕಡ್ಡಿ ತೆಗೆಸಿದರು. ಆಮೇಲೆ ಗ್ರೈಂಡರು ತಿರುಗುವುದು ಹೇಗೆ? ಹೆಂಗಸರೆಲ್ಲ ಪಟ್ಟೆ ಸೀರೆ ಎತ್ತಿ ಕಟ್ಟಿ ಕಡೆಯುವ ಕಲ್ಲಿಗೆ ಕುಳಿತೆವು. ನನ್ನ ರಟ್ಟೆ ನೋವು ಇಳಿಯಲು ವಾರ ಬೇಕಾಯಿತು. ಆ ದಿನದ ಸಾಂಬಾರು ಭಾರೀ ರುಚಿ ಎಂದು ಎಲ್ಲರೂ ಹೊಗಳಿದರು. ಯಾಕಾಗದು? ಕಾಯಿ, ಮೆಣಸು, ಕೊತ್ತಂಬರಿಯ ಜೊತೆ ನನ್ನ ಶಾಪವನ್ನೂ ನುಣ್ಣಗೆ ಅರೆದು ಹಾಕಿದ್ದೆ.

ಇಂಥವನನ್ನು ಕೆಲಸಕ್ಕೆ ಕರೆಯಬಾರದು. ಗೊತ್ತಿತ್ತು. ಆದರೂ ಕರೆದೆ. ಒಡಹುಟ್ಟಿದವನು ವಯರ್‌ಮನ್ ಆಗಿರುವಾಗ ಬೇರೆಯವರನ್ನು ಕರೆದರೆ ಊರು ಏನೆಂದೀತು?

ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ನಮ್ಮ ಮನೆ ಗುರುವಾಯನಕೆರೆಯ ಹತ್ತಿರ, ರಸ್ತೆಯ ಬದಿಯಲ್ಲಿ. ರಸ್ತೆ ಅಗಲ ಮಾಡುವಾಗ ಬಚ್ಚಲ ಕೊಟ್ಟಿಗೆ ಹೋಯಿತು, ಅದರೊಟ್ಟಿಗೆ ಹಂಡೆಯ ಒಲೆಯೂ ಹೋಯಿತು. ಒಳಗೆ ಟೈಲ್ಸ್ ಹಾಕಿದ ಹೊಸ ಬಾತ್‌ರೂಮು ಬಂತು. ಚಂದ ಉಂಟು, ಜಾರುತ್ತದೆ, ನೀರು ಮಾತ್ರ ತಣ್ಣಗೆ. ಬಾಣಂತಿಯನ್ನು ಮೀಯಿಸುವುದೆಂದರೆ ನಮ್ಮಲ್ಲಿ ಎರಡು ಚೆಂಬು ಹೊಯ್ದು ಟವೆಲು ಕೊಡುವುದಲ್ಲ. ಎಣ್ಣೆ ತಿಕ್ಕಿ, ಸ್ಟೂಲಿನ ಮೇಲೆ ಕೂರಿಸಿ, ಹೊಗೆಯಾಡುವ ನೀರನ್ನು ಸೊಂಟಕ್ಕೆ ಬೀಸಿ ಬೀಸಿ ಹೊಡೆಯಬೇಕು. ಅದಕ್ಕೆಂದೇ ಅಳಿಯ ದೊಡ್ಡ ಗೀಸರು ತಂದುಕೊಟ್ಟಿದ್ದ. ಅದರ ಪಿನ್ನು ದಪ್ಪ. ಬಾತ್‌ರೂಮಿನಲ್ಲಿದ್ದ ಪ್ಲಗ್ಗು ಸಣ್ಣದು.

ತಮ್ಮ ಬಂದ. ನಾನು ಹೇಳಿದ್ದು ಇಷ್ಟೇ: "ಆ ಸಣ್ಣ ಪ್ಲಗ್ಗು ತೆಗೆದು ದೊಡ್ಡ ಪವರ್ ಪ್ಲಗ್ಗು ಹಾಕಿಬಿಡು. ಮಧ್ಯಾಹ್ನ ಊಟ ಮಾಡಿ ಹೋಗು."

ಅವನು ಮೀಟರ್ ಬೋರ್ಡು ಬಿಚ್ಚಿದ. ಒಳಗೆ ಇಣುಕಿದ. ತಲೆಗೆ ಕೈ ಹೊತ್ತು ನೆಲಕ್ಕೆ ಕುಳಿತ.

"ಅಕ್ಕ, ಈ ಮನೆಯಲ್ಲಿ ಇಷ್ಟು ವರ್ಷ ನೀನು ಬದುಕಿದ್ದು ಹೇಗೆ?"

"ಅನ್ನ ತಿಂದು! ಎಂತ ಆಯ್ತು ಹೇಳು."

"ಬಾತ್‌ರೂಮಿಗೆ ಹೋದದ್ದು ಲೈಟಿನ ಲೈನು. ಬಲ್ಬಿಗೆ ಹಾಕುವ ಸಪೂರ ವಯರು. ಗೀಸರ್ ಎಳೆಯುವ ಕರೆಂಟು ಇದಕ್ಕೆ ತಡೀಲಿಕ್ಕಿಲ್ಲ."

"ಅದಕ್ಕೇ ಅಲ್ವಾ ದೊಡ್ಡ ತೂತಿನ ಪ್ಲಗ್ಗು ಹಾಕು ಅಂತ ಹೇಳಿದ್ದು?"

"ತೂತು ದೊಡ್ಡದು ಮಾಡಿದರೆ ವಯರು ದಪ್ಪ ಆಗ್ತದಾ? ಸಣ್ಣ ತೂತು ಇದ್ದರೆ ಗೀಸರಿನ ಪಿನ್ನು ಒಳಗೆ ಹೋಗುವುದೇ ಇಲ್ಲ, ಬದುಕಿಕೊಂಡೆವು. ದೊಡ್ಡದು ಮಾಡಿ ಕೊಟ್ಟರೆ ಅದು ಎಳೆಯುತ್ತದೆ, ವಯರು ಗೋಡೆಯ ಮೇಲೆಯೇ ಕಾಯುತ್ತದೆ, ಕಾದು ಉರಿಯುತ್ತದೆ. ಮೀಟರ್ ಬೋರ್ಡಿನಿಂದ ಬೇರೆಯೇ ಲೈನು ಬೇಕು. ದಪ್ಪ ವಯರು, ಅದಕ್ಕೇ ಬೇರೆ ಸ್ವಿಚ್ಚು, ಎಡವಟ್ಟಾದರೆ ತಾನೇ ಬಂದ್ ಆಗುವ ಬೇರೆ ಟ್ರಿಪ್ಪರ್."

ಇಷ್ಟಕ್ಕೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಿಡುವ ಆಸಾಮಿಯೇ? ಹಸಿರು ವಯರೊಂದನ್ನು ಹಿಡಿದು, ಅದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ನೋಡುತ್ತ ಹಿತ್ತಲಿಗೆ ಹೊರಟ. ಅಲ್ಲಿಂದ ಒಂದು ಕೂಗು. ಹಾವು ಕಚ್ಚಿತೆಂದು ನಾನು ಓಡಿದೆ.

"ಅಕ್ಕ, ಈ ಪೈಪು ಎಂತದ್ದು?"

"ನೀರಿನದ್ದು."

"ನೀರಿನದ್ದು ಹೌದು. ಮಾಡಿದ್ದು ಎಂತದರಲ್ಲಿ?"

"ಕಣ್ಣು ಕಾಣುದಿಲ್ವಾ? ಪ್ಲಾಸ್ಟಿಕ್ಕು."

"ಅರ್ತಿನ ವಯರನ್ನು ಪ್ಲಾಸ್ಟಿಕ್ ಪೈಪಿಗೆ ಕಟ್ಟಿದ್ದಾರಕ್ಕ!" ಎಂದು ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ನಗು ನಿಂತಿತ್ತು, ನೀರು ನಿಂತಿರಲಿಲ್ಲ.

ನಡೆದದ್ದು ಇಷ್ಟು. ಮೊದಲು ಅಲ್ಲಿ ಕಬ್ಬಿಣದ ಪೈಪಿತ್ತು. ನೆಲದಲ್ಲಿ ಹೂತ ಪೈಪಲ್ಲವೇ, ಹಿಂದಿನವರು ಅರ್ತಿಂಗಿನ ವಯರನ್ನು ಅದಕ್ಕೇ ಕಟ್ಟಿದ್ದರು. ತುಕ್ಕು ಹಿಡಿಯಿತೆಂದು ಪೈಪು ಬದಲಿಸಿದೆವು. ಪೈಪಿನವನು ಒಳ್ಳೆಯ ಮನುಷ್ಯ. ವಯರನ್ನು ಜೋಪಾನವಾಗಿ ಬಿಚ್ಚಿಟ್ಟು, ಪ್ಲಾಸ್ಟಿಕ್ ಪೈಪು ಕೂರಿಸಿ, ಇದ್ದ ಜಾಗದಲ್ಲೇ ಮತ್ತೆ ಸುತ್ತಿ ಕಟ್ಟಿ ಹೋಗಿದ್ದ. ಕಟ್ಟಿದ್ದಾದರೂ ಎಷ್ಟು ಚಂದ! ಮದುಮಗಳ ಜಡೆಗೆ ಮಲ್ಲಿಗೆ ಸುತ್ತಿದ ಹಾಗೆ.

"ಗೀಸರಿನ ಮೈಗೆ ಕರೆಂಟು ಬಂತು ಅಂತ ಇಟ್ಟುಕೋ," ಎಂದ ತಮ್ಮ. "ಈ ವಯರಿನಲ್ಲಿ ನೆಲಕ್ಕೆ ಇಳಿಯಬೇಕು. ಇಲ್ಲಿ ಇಳಿಯಲಿಕ್ಕೆ ದಾರಿ ಇಲ್ಲ. ಮತ್ತೆ ಯಾರ ಮೈಯಲ್ಲಿ ಇಳಿಯುತ್ತದೆ?"

"ಯಾರ?"

ಅವನು ಬಾತ್‌ರೂಮಿನ ಕಡೆಗೆ ಬೆರಳು ತೋರಿಸಿದ. "ಅಲ್ಲಿ ಸ್ಟೂಲಿನ ಮೇಲೆ ಕೂತವಳ."

ಒಳಗೆ ದಿನ ತುಂಬಿದ ಹುಡುಗಿ ಮಲಗಿದ್ದಾಳೆ, ಇವನ ಬಾಯಲ್ಲಿ ಬರುವ ಮಾತು ನೋಡಿ! ನನ್ನ ಕೈಯಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇತ್ತು. ತೆಂಗಿನ ಗರಿಯ ಕಡ್ಡಿ ಹೊಸತು, ಗಟ್ಟಿಯಾಗಿತ್ತು. ಒಂದು ಬಿಟ್ಟೆ. ಬೆನ್ನು ತಿಕ್ಕಿಕೊಳ್ಳುತ್ತ ಅವನು ಕೇಳಿದ್ದೇನು ಗೊತ್ತೇ? "ಅಕ್ಕ, ಹಿತ್ತಲಲ್ಲಿ ಒದ್ದೆ ನೆಲ ಎಲ್ಲಿ ಉಂಟು?"

ನಮ್ಮದು ಮುರಕಲ್ಲಿನ ನೆಲ. ಮೇಲೆ ಒಂದು ಮೊಳ ಮಣ್ಣು, ಕೆಳಗೆ ಕಲ್ಲು. ಮಳೆಗಾಲ ಕಳೆದರೆ ಸುಟ್ಟ ರೊಟ್ಟಿಯ ಹಾಗೆ ಒಣಗುತ್ತದೆ. ಒಣ ನೆಲದಲ್ಲಿ ಅರ್ತಿಂಗ್ ಹೂತರೆ ಹೂತದ್ದೇ ಬಂತು, ಕೆಲಸ ಮಾಡುವುದಿಲ್ಲವಂತೆ. ವರ್ಷವಿಡೀ ಒದ್ದೆಯಾಗಿರುವ ಜಾಗ ಇಡೀ ಹಿತ್ತಲಲ್ಲಿ ಒಂದೇ ಒಂದು. ಅಡುಗೆಮನೆಯ ನೀರು ಹೋಗಿ ಬೀಳುವಲ್ಲಿ, ನನ್ನ ಬಸಳೆ ಚಪ್ಪರದ ಬುಡ.

ನನ್ನ ಬಸಳೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹೆಬ್ಬೆರಳು ದಪ್ಪದ ದಂಟು. ಅಂಗೈ ಅಗಲದ ಎಲೆ. ಗಂಡ ಹೋದ ವರ್ಷ ತವರಿಂದ ಒಂದು ತುಂಡು ತಂದು ಊರಿದ್ದು. ಬೆಳ್ತಂಗಡಿಯಿಂದ ಬಂದ ನೆಂಟರು ಸಹ ಹೋಗುವಾಗ ಒಂದು ಕಟ್ಟು ಕೇಳಿ ಒಯ್ಯುತ್ತಿದ್ದರು. ಆ ಬಸಳೆಯ ಬುಡಕ್ಕೆ ಇವನು ಹಾರೆ ಹಾಕಿದ! ಮುರಕಲ್ಲು ಒಡೆದ. ಎದೆಯುದ್ದ ಗುಂಡಿ ತೆಗೆದ. ಪೈಪು ನಿಲ್ಲಿಸಿದ. ಮಸಿ ಇದ್ದಿಲು ಸುರಿದ. ಅದರ ಮೇಲೆ ಒಂದು ಮೂಟೆ ಕಲ್ಲುಪ್ಪು ಸುರಿದ. ಉಪ್ಪು!

"ಉಪ್ಪು ಹಾಕಿದರೆ ಬಸಳೆ ಬದುಕುತ್ತದಾ ಮರ್ಲ?" ಎಂದೆ. ಮರ್ಲ ಎಂದರೆ ಹುಚ್ಚ. ಸಿಟ್ಟು ಬಂದರೆ ನನಗೆ ತುಳುವೇ ಬರುವುದು.

"ಬದುಕುದಿಲ್ಲ," ಎಂದ. "ಮಗಳು ಬದುಕುತ್ತಾಳೆ."

ಆ ಮಧ್ಯಾಹ್ನದ ಸಾರಿಗೆ ನಾನು ಉಪ್ಪು ಹಾಕಲಿಲ್ಲ. "ಹಿತ್ತಲಲ್ಲಿ ಬೇಕಾದಷ್ಟು ಉಂಟು, ಹೋಗಿ ನೆಕ್ಕು," ಎಂದೆ.

ಹೋಗುವಾಗ ಆಜ್ಞೆ ಬೇರೆ. "ಅಕ್ಕ, ಅಡುಗೆಮನೆಯ ನೀರು ಮೇಲಿಂದ ಮೇಲೆ ಹರಿದುಹೋಗ್ತದೆ, ಆಳಕ್ಕೆ ಇಳಿಯುವುದಿಲ್ಲ. ದಿನಾ ಬೆಳಿಗ್ಗೆ ಆ ಪೈಪಿನ ಬಾಯಿಗೆ ಒಂದು ಕೊಡಪಾನ ನೀರು ಹೊಯ್ಯಬೇಕು."

"ಯಾಕೆ, ಅರಸಿನ ಕುಂಕುಮ ಬೇಡವಾ? ಆರತಿ ಬೇಡವಾ? ನನ್ನ ಬಸಳೆ ಕೊಂದ ಗೂಟಕ್ಕೆ ನಾನು ನೀರು ಹೊಯ್ಯುವುದಾ? ನನ್ನ ಹೆಣ ಹೊಯ್ಯುತ್ತದೆ!"

ಆಮೇಲೆ ವಯರು ತರಲು ಹೋದವನ ಪತ್ತೆಯೇ ಇಲ್ಲ. ಬೆಳ್ತಂಗಡಿಯ ಅಂಗಡಿಯಲ್ಲಿ ವಯರನ್ನು ಮೂಸಿ ನೋಡಿ ವಾಪಸು ಕೊಟ್ಟನಂತೆ. ಬಂಟ್ವಾಳದಲ್ಲಿ ತುದಿ ಸುಲಿದು ತಾಮ್ರವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದನಂತೆ. ಅಂಗಡಿಯವನು ಕೇಳಿದನಂತೆ, "ಉಪ್ಪು ಖಾರ ಸರಿ ಉಂಟಾ ಅಣ್ಣ?" ಇವನು ವಯರಿನ ರುಚಿ ನೋಡುತ್ತ ತಾಲೂಕು ತಾಲೂಕು ತಿರುಗುವಾಗ ನನ್ನ ಮಗಳಿಗೆ ಆಸ್ಪತ್ರೆಯವರು ಕೊಟ್ಟ ದಿನ ಹತ್ತಿರ ಬಂತು. ನನ್ನ ತಾಳ್ಮೆ ಹರಿಯಿತು. ಪೇಟೆಯಿಂದ ಬೇರೊಬ್ಬನನ್ನು ಕರೆಸಿದೆ. ಅವನು ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಸಣ್ಣ ಪ್ಲಗ್ಗು ತೆಗೆದು ದೊಡ್ಡದು ಕೂರಿಸಿದ. ಗೀಸರು ಹಾಕಿದ ಕೂಡಲೇ ಫ್ಯೂಸು ಹೋಯಿತು. "ಅದಕ್ಕೆಂತ ದೊಡ್ಡಮ್ಮ, ದಪ್ಪ ತಂತಿ ಹಾಕುವ," ಎಂದು ಫ್ಯೂಸಿಗೆ ದಪ್ಪ ತಂತಿ ಕಟ್ಟಿದ. ಮತ್ತೆ ಹೋಗಲಿಲ್ಲ. ಕೈ ಸುಡುವಂಥ ನೀರು ಬಂತು. ಕೆಲಸ ಎಂದರೆ ಹೀಗಿರಬೇಕಲ್ಲವೇ!

ತಮ್ಮ ವಯರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದದ್ದು ಮರುದಿನ. ಹೊಸ ಪ್ಲಗ್ಗು ನೋಡಿದ. ಬೊಬ್ಬೆ ಹಾಕುತ್ತಾನೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಹಾಕಲಿಲ್ಲ. ಗೀಸರಿನ ಸ್ವಿಚ್ಚು ಒತ್ತಿ, "ಅಕ್ಕ, ಕಾಫಿ ಮಾಡು," ಎಂದ. ಕಾಫಿ ಮಾಡಿದೆ. ಕುಡಿದ. ಲೋಟ ಕೆಳಗಿಟ್ಟು ನನ್ನ ಕೈ ಹಿಡಿದು, ಗೋಡೆಯ ಮೇಲೆ ವಯರು ಹೋಗುವ ಪಟ್ಟಿಯಿದೆಯಲ್ಲ, ಅದರ ಮೇಲೆ ಇಟ್ಟ.

ಆಗ ತಾನೇ ಕೋಳಿ ಎದ್ದುಹೋದ ಮೊಟ್ಟೆಯ ಹಾಗೆ ಬಿಸಿ. ಪ್ಲಗ್ಗಿನ ಹತ್ತಿರ ಹೋದಷ್ಟೂ ಹೆಚ್ಚು. ಪ್ಲಗ್ಗಿನ ಅಂಚು ಹಳದಿಯಾಗಿತ್ತು, ಹಲ್ಲಿ ಸುಟ್ಟಂಥ ವಾಸನೆ.

"ಇದು ಒಂದು ಕಾಫಿಗೆ," ಎಂದ. "ಬಾಣಂತಿ ಸ್ನಾನ ಎಷ್ಟು ಹೊತ್ತು?"

ಮೇನ್ ಬಂದ್ ಮಾಡಿದ. ಟೆಸ್ಟರು ಇಟ್ಟು ನೋಡಿದ. ಅದರ ಮೇಲೆ ನಂಬಿಕೆಯಿಲ್ಲದೆ ಬಲ್ಬು ಕಟ್ಟಿದ ಹೋಲ್ಡರು ಹಿಡಿದು ಮತ್ತೊಮ್ಮೆ ನೋಡಿದ. ಆ ಪ್ಲಗ್ಗನ್ನು ಬುಡಸಮೇತ, ಫ್ಯೂಸಿನ ದಪ್ಪ ತಂತಿಯನ್ನೂ ಸಹ, ಕಿತ್ತು ಚೀಲಕ್ಕೆ ಹಾಕಿಕೊಂಡ. ಆಮೇಲೆ ಶುರುವಾಯಿತು ನೋಡಿ ಅವನ ಕೆಲಸ! ಮೀಟರ್ ಬೋರ್ಡಿನಿಂದ ಬೇರೆ ಲೈನು. ನಾನು ಸುಣ್ಣ ಬಳಿಸಿ ತಿಂಗಳಾಗದ ಗೋಡೆಗೆ ಉಳಿ ಸುತ್ತಿಗೆ. ಮೂರನೆಯ ವಯರು ಬಸಳೆಯ ಗುಂಡಿಗೆ. ಪವರ್ ಪ್ಲಗ್ಗು ಬಾತ್‌ರೂಮಿನ ಒಳಗಲ್ಲ, ಹೊರಗೆ, ಅದೂ ಅಟ್ಟದ ಎತ್ತರದಲ್ಲಿ.

"ನನಗೆ ಎಟುಕುವುದು ಹೇಗೆ?" ಎಂದೆ. ನಾನು ಗಿಡ್ಡ.

"ಎಟುಕಬಾರದು ಅಂತಲೇ ಅಲ್ಲಿಟ್ಟದ್ದು. ಒದ್ದೆ ಕೈಯಲ್ಲಿ ಮುಟ್ಟುತ್ತೀ. ನೀರು ಕಾದ ಮೇಲೆ ಬಂದ್ ಮಾಡಿ, ಆಮೇಲೆ ಮೀಯಬೇಕು. ಒಣ ಕೋಲಿನಲ್ಲಿ ಒತ್ತು."

ಕೋಲು ಎಂದರೆ ಮನೆಯಲ್ಲಿ ಛಾವಣಿಯ ಬಲೆ ಗುಡಿಸುವ ಉದ್ದ ಸೂಡಿಯದ್ದೇ. ದೇವರ ದೀಪ ಹಚ್ಚುವ ಹೊತ್ತಿಗೆ ಸೂಡಿ ಎತ್ತಿ ಗೋಡೆಗೆ ಕುಟ್ಟುವ ಮನೆ ಬೇರೆ ಯಾವುದಾದರೂ ಉಂಟೇ?

ಮಗಳು ಹೆತ್ತಳು. ಹೆಣ್ಣು ಮಗು. ಬೆಳ್ತಂಗಡಿಯ ಆಸ್ಪತ್ರೆಯಿಂದ ಮನೆಗೆ ಬಂದೆವು. ಮೀಯಿಸಲು ಒಬ್ಬಳು ಹೆಂಗಸನ್ನು ಗೊತ್ತು ಮಾಡಿದ್ದೆ. ಮೊದಲ ದಿನ ನೀರು ಕಾದಿದೆ, ಎಣ್ಣೆ ಬಿಸಿಯಾಗಿದೆ, ಆಗ ಬಂದ, ಹೆಗಲ ಮೇಲೆ ಮೈ ಒರೆಸುವ ಬೈರಾಸು ಹಾಕಿಕೊಂಡು, ಮೂಡುಬಿದಿರೆಯ ಮೊದಲ ಬಸ್ಸಿನಲ್ಲಿ.

"ನಾನು ಮೊದಲು ಮೀಯುತ್ತೇನೆ," ಎಂದ.

ಬಾಗಿಲು ಹಾಕಿಕೊಂಡ. ದಬದಬ ನೀರು. ಹೊರಬಂದು ತಲೆ ಒರೆಸಿಕೊಳ್ಳುತ್ತ, "ಹೂಂ, ಈಗ ಅವಳನ್ನು ಕರೆದುಕೊಂಡು ಹೋಗಿ," ಎಂದು ಕಾಫಿಯನ್ನೂ ಕುಡಿಯದೆ ಹೋದ. ಒಂದು ದಿನವಾದರೆ ಹಾಳಾಗಲಿ. ಮರುದಿನವೂ ಬಂದ. ಅದರ ಮರುದಿನವೂ. ವರ್ಷವಿಡೀ ವಾರಕ್ಕೊಮ್ಮೆ ಮೀಯಲು ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುವ ಗಂಡಸು! ಬಾಣಂತಿಗೆಂದು ಕಾಯಿಸಿದ ನೀರು ಅರ್ಧ ಇವನ ಬೋಳುತಲೆಗೆ. ಮತ್ತೆ ಸೂಡಿ ಎತ್ತು, ಮತ್ತೆ ಕಾಯಿಸು, ಅಷ್ಟರಲ್ಲಿ ಮಗು ಕಿರುಚು. ಮೀಯಿಸುವ ಹೆಂಗಸು ಮುಖ ಊದಿಸಿದಳು. ಬೇಲಿಯಾಚೆಯಿಂದ ನೆರೆಮನೆಯವಳು ಕೇಳಿದಳು, "ದೊಡ್ಡಮ್ಮ, ನಿಮ್ಮಲ್ಲಿ ಬಾಣಂತಿ ಯಾರು? ಮಗಳಾ, ತಮ್ಮನಾ?"

ಆ ಮಾತು ಕೇಳಿದ ದಿನ ನಾನು ಬಾತ್‌ರೂಮಿನ ಬಾಗಿಲಲ್ಲೇ ಕಾದು ನಿಂತೆ. ಅವನು ಹೊರಗೆ ಬಂದ ಕೂಡಲೇ ಹಿಡಿದುಕೊಂಡೆ.

"ನಾಚಿಕೆ ಇಲ್ವಾ ನಿನಗೆ? ನಿನ್ನ ಮನೆಯಲ್ಲಿ ನೀರಿಲ್ವಾ? ಬಾಣಂತಿಯ ನೀರು ಕದ್ದು ಮೀಯಲಿಕ್ಕೆ ಅಲ್ಲಿಂದ ಇಲ್ಲಿಗೆ ಬಸ್ಸು ಹತ್ತಿ ಬರುವುದಾ? ಬಸಳೆ ತಿಂದೆ, ಗೋಡೆ ತಿಂದೆ, ಇನ್ನು ಮಗಳ ನೀರೂ ಬೇಕಾ? ನಾಳೆಯಿಂದ ಈ ಅಂಗಳಕ್ಕೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ!"

ಅವನು ಬೈರಾಸು ಹಿಂಡುತ್ತಿದ್ದ. ಹಿಂಡಿ ಮುಗಿದ ಮೇಲೂ ಹಿಂಡುತ್ತಲೇ ಇದ್ದ.

"ಮೀಯಲಿಕ್ಕೆ ಅಲ್ಲ ಅಕ್ಕ. ಬಂದ್ ಮಾಡಲು ಯಾರಾದರೂ ಮರೆತರೆ ಅಂತ ಸ್ವಿಚ್ಚು ಹಾಕಿಟ್ಟೇ ಬರಿಗಾಲಲ್ಲಿ ಒದ್ದೆಯಲ್ಲಿ ನಿಲ್ಲುತ್ತೇನೆ. ನಲ್ಲಿ ಮುಟ್ಟುತ್ತೇನೆ. ಬಕೆಟಿಗೆ ಕೈ ಹಾಕುತ್ತೇನೆ. ಮೈಮೇಲೆ ನಾಲ್ಕು ಚೆಂಬು ಹೊಯ್ದುಕೊಳ್ಳುತ್ತೇನೆ. ಹೊಡೆಯುವುದಿದ್ದರೆ ನನಗೆ ಹೊಡೆಯಲಿ."

"ಟೆಸ್ಟರು ಎಂತಕ್ಕೆ ಇರುವುದು? ಬಲ್ಬು ಎಂತಕ್ಕೆ? ಟ್ರಿಪ್ಪರ್ ಅಂತ ಎಂತದೋ ಹಾಕಿದ್ದೀಯಲ್ಲ?"

"ಬೇರೆಯವರು ಮಾಡಿದ ಕೆಲಸವಾದರೆ ಅದೆಲ್ಲ ಸಾಕಿತ್ತು," ಎಂದ. "ಇದು ನಾನು ಮಾಡಿದ್ದಲ್ವಾ. ರಾತ್ರಿ ಮಲಗಿದರೆ ಯಾವುದೋ ಒಂದು ಸ್ಕ್ರೂ ಬಿಗಿ ಮಾಡಿದೆನೋ ಇಲ್ಲವೋ ಅಂತ ಕಾಣುತ್ತದೆ. ಅಷ್ಟು ಸಣ್ಣ ಮಗು ಅಕ್ಕ. ಅದರ ಕೈ ನೋಡಿದ್ದೀಯಾ? ಉಗುರು ನೋಡಿದ್ದೀಯಾ?"

ಬೋಳು ಹೆಬ್ಬೆರಳನ್ನು ಬೈರಾಸಿನ ಒಳಗೆ ಅಡಗಿಸಿಕೊಂಡ. ಅದನ್ನು ಅವನು ಅಡಗಿಸಿದ್ದು ನಾನು ಕಂಡದ್ದು ಅದೇ ಮೊದಲು.

ಕರೆಂಟು ಕಂಡರೆ ನಡುಗುವ ಜೀವ, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು ಅದರ ಬಾಯಿಗೆ ಮೈ ಕೊಟ್ಟು ನಿಲ್ಲುತ್ತಿತ್ತು.

ನಾನು ಮೆತ್ತಗಾದೆ ಎಂದುಕೊಂಡಿರಾ? ಇಲ್ಲ. ಸಿಟ್ಟು ಇನ್ನೂ ಏರಿತು. "ಮರ್ಲ! ನಿನಗೆ ಹೊಡೆದು ಒಳಗೆ ಬಿದ್ದರೆ ಚಿಲಕ ಹಾಕಿದ ಬಾಗಿಲು ಒಡೆಯುವವರು ಯಾರು? ನಿನ್ನ ಹೆಂಡತಿಗೆ ನಾನು ಎಂತ ಹೇಳುವುದು? ನಡಿ ಇಲ್ಲಿಂದ!" ಎಂದೆ. ತಲೆ ತಗ್ಗಿಸಿ ಹೋದ. ಕಾಫಿ ಆ ದಿನವೂ ಕುಡಿಯಲಿಲ್ಲ. ಆದರೆ ನಾಳೆ ಬಂದೇ ಬರುತ್ತಾನೆ. ಬೈದರೆ ನಿಲ್ಲುವ ಜಾತಿಯಲ್ಲ.

ಮರುದಿನ ಮೊದಲ ಬಸ್ಸು ಬರುವ ಮೊದಲೇ ಎದ್ದೆ. ಹಿತ್ತಲಿಗೆ ಹೋಗಿ, ಬಸಳೆ ಸತ್ತು ಬರೀ ಕೋಲು ನಿಂತ ಚಪ್ಪರದ ಕೆಳಗೆ, ಆ ಗೂಟದ ಬಾಯಿಗೆ ಒಂದು ಕೊಡಪಾನ ನೀರು ಹೊಯ್ದೆ. ಒಳಗೆ ಬಂದು ಸೂಡಿಯಿಂದ ಸ್ವಿಚ್ಚು ಒತ್ತಿ ನೀರು ಕಾಯಿಸಿದೆ, ಅವನ ಹಾಗೆಯೇ ಬಂದ್ ಮಾಡದೆ ಬಿಟ್ಟೆ. ಬಾತ್‌ರೂಮಿಗೆ ಹೋದೆ. ಚಿಲಕ ಹಾಕಲಿಲ್ಲ. ಬರಿಗಾಲಲ್ಲಿ ಒದ್ದೆ ಟೈಲ್ಸಿನ ಮೇಲೆ ನಿಂತೆ, ನಲ್ಲಿ ಹಿಡಿದೆ, ಬಕೆಟಿಗೆ ಕೈ ಹಾಕಿದೆ, ತಲೆಗೆ ನಾಲ್ಕು ಚೆಂಬು ಹೊಯ್ದುಕೊಂಡೆ.

ಬೈರಾಸು ಹಾಕಿಕೊಂಡು ಅವನು ಅಂಗಳಕ್ಕೆ ಬಂದಾಗ ನಾನು ಜಗಲಿಯಲ್ಲಿ ಕೂದಲು ಒಣಗಿಸುತ್ತ ಕುಳಿತಿದ್ದೆ. ನನ್ನ ಕೂದಲು ನೋಡಿದ. ನನ್ನ ಕಾಲು ನೋಡಿದ. ಬಾಯಿ ತೆರೆದ.

"ಮಾತಾಡಬೇಡ," ಎಂದೆ. "ನನ್ನದಾಯಿತು. ಎಂತದೂ ಹೊಡೆಯಲಿಲ್ಲ. ಕಾಫಿ ಉಂಟು, ಕುಡಿದು ಹೋಗು."